ಹಪುತಲೆಯಲ್ಲಿ ಒಂದು ರಾತ್ರಿ ಎಂದುಕೊಂಡಿದ್ದೆವು, ನಾಲ್ಕು ರಾತ್ರಿ ಉಳಿದೆವು

ಪಯಸ್ವಿನಿ ತೀರ (ಚರ್ಚೆ ಆರಂಭಿಸಿದವರು)

ಆಗಸ್ಟ್ ತಿಂಗಳಲ್ಲಿ ನಾನೂ ನನ್ನ ಗಂಡನೂ ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು ಶ್ರೀಲಂಕಾ ಸುತ್ತಿ ಬಂದೆವು. ಕೊಲಂಬೊ, ಕ್ಯಾಂಡಿ, ಕಡಲತೀರ ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕೆಂದಿರುವುದು ಹಪುತಲೆ ಎಂಬ ಚಹಾ ನಾಡಿನ ಸಣ್ಣ ಊರಿನ ಬಗ್ಗೆ ಮಾತ್ರ. ಕ್ಯಾಂಡಿಯಿಂದ ಎಲ್ಲ (ಅದು ಊರಿನ ಹೆಸರು) ಕಡೆಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗಿ ಮುಂದೆ ಹೋಗುವುದೆಂದು ಲೆಕ್ಕ ಹಾಕಿದ್ದೆವು.

ರೈಲಿನಲ್ಲಿ ಕಾಯ್ದಿರಿಸಿದ ಸೀಟು ಸಿಗಲಿಲ್ಲ. ಅದೇ ದಿನ ಎರಡನೇ ದರ್ಜೆಯ ಟಿಕೆಟ್ ಕೊಂಡು ನಾನು ಓಯಾ ನಿಲ್ದಾಣದವರೆಗೆ ನಿಂತೇ ಹೋದೆವು. (ನಾನು ಓಯಾ ಕೂಡ ಊರಿನ ಹೆಸರೇ, ನುವಾರ ಎಲಿಯಕ್ಕೆ ಹೋಗುವವರು ಅಲ್ಲಿ ಇಳಿಯುತ್ತಾರೆ.) ಹ್ಯಾಟನ್, ತಲವಾಕೆಲೆ ಎಲ್ಲಾ ಕಡೆ ಜಡಿಮಳೆ. ಕಿಟಕಿಯ ಹೊರಗೆ ಬಿಳಿ ಮಂಜು ಬಿಟ್ಟರೆ ಬೇರೇನೂ ಇಲ್ಲ. ಪಟ್ಟಿಪೊಲ ದಾಟಿದ ಮೇಲೆ ಒಂದು ಸುರಂಗ ಬಂತು. ಅದರಿಂದ ಹೊರಬಂದಾಗ ಬಿಸಿಲು! ಸಂಪಾಜೆ ಘಾಟಿ ಹತ್ತಿ, ಮಡಿಕೇರಿಯಲ್ಲಿ ತೊಯ್ದು, ಕುಶಾಲನಗರ ತಲುಪುವಾಗ ರಸ್ತೆ ಒಣಗಿರುತ್ತದಲ್ಲ, ಹಾಗೆಯೇ. ನೈಋತ್ಯ ಮುಂಗಾರು ಪಶ್ಚಿಮದ ಇಳಿಜಾರಿನಲ್ಲಿ ಸುರಿದು ಮುಗಿದಿರುತ್ತದೆ. ಬೆನ್ನಿನ ಆಚೆಯ ಊವಾ ಪ್ರಾಂತ್ಯಕ್ಕೆ ಬರುವುದು ಬರೀ ಒಣಗಾಳಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬೀಸುವ ಈ ಗಾಳಿಗೆ ಚಿಗುರು ನಿಧಾನವಾಗಿ ಬೆಳೆಯುತ್ತದೆ, ಊವಾ ಚಹಾದ ಹೆಸರುವಾಸಿ ಪರಿಮಳ ಬರುವುದೂ ಈ ತಿಂಗಳುಗಳಲ್ಲೇ. ಕುಡಿದಾಗ ಗಂಟಲಿನ ಹಿಂದೆ ಪುದೀನದಂತಹ ತಂಪು ಉಳಿಯುತ್ತದೆ.

ಹಪುತಲೆ ಒಂದು ಬೆಟ್ಟದ ಏಣಿನ ಮೇಲೆ ಕುಳಿತಿರುವ ಊರು. ಪೇಟೆಯ ಮಧ್ಯೆ ನಿಂತರೆ ಎರಡೂ ಬದಿಗೆ ಕಣಿವೆ. ದಕ್ಷಿಣದ ಕಡೆ ನೆಲ ಒಮ್ಮೆಲೇ ಕುಸಿದು ಬಯಲು ಕಾಣುತ್ತದೆ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆಲ್ಲ ಕೆಳಗಿನಿಂದ ಮಂಜು ಹತ್ತಲು ಶುರುಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಬಾಗಿಲವರೆಗೂ ಬರುತ್ತದೆ. ಮಾರನೆಯ ದಿನ ಕತ್ತಲಿರುವಾಗಲೇ ಎದ್ದು ಲಿಪ್ಟನ್ ಸೀಟ್ ನೋಡಿಕೊಂಡು ಬಂದೆವು. ಗ್ಲಾಸ್ಗೋದ ದಿನಸಿ ವ್ಯಾಪಾರಿ ಥಾಮಸ್ ಲಿಪ್ಟನ್ 1890ರಲ್ಲಿ ಇಲ್ಲಿ ತೋಟ ಕೊಂಡು, ದಂಬತೆನ್ನೆಯಲ್ಲಿ ಕಾರ್ಖಾನೆ ಕಟ್ಟಿಸಿದ. ತೋಟದ ಮೇಲೆ ಕಣ್ಣಿಡಲು ಆತ ಕೂರುತ್ತಿದ್ದ ಜಾಗವೇ ಈ ಸೀಟು. ನೋಟ ಚೆನ್ನಾಗಿದೆ. ಆದರೆ ನಾವು ನಾಲ್ಕು ರಾತ್ರಿ ಉಳಿದದ್ದು ಆ ನೋಟಕ್ಕಲ್ಲ.

ಇಳಿಯುವಾಗ ಆಟೋ ಹಿಡಿಯದೆ ಕಾರ್ಖಾನೆಯವರೆಗಿನ ಸುಮಾರು ಏಳು ಕಿಲೋಮೀಟರ್ ನಡೆದೆವು. ದಾರಿಯಲ್ಲಿ ಕಾರ್ಮಿಕರ ಲೈನ್ ಮನೆಗಳ ಸಾಲು. ಹೌದು, ಕೊಡಗು, ಚಿಕ್ಕಮಗಳೂರಿನಲ್ಲಿ ನಾವು ಹೇಳುವ ಅದೇ ಲೈನ್ ಮನೆ. ಅಲ್ಲಿನವರು ‘ಲಯಂ’ ಎನ್ನುತ್ತಾರೆ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ, ಮುಂದೆ ಸಣ್ಣ ಜಗಲಿ, ತಗಡಿನ ಮಾಡು. ಒಂದು ಜಗಲಿಯಲ್ಲಿ ಕುಳಿತಿದ್ದ ಎಪ್ಪತ್ತರ ಆಸುಪಾಸಿನ ಅಮ್ಮನನ್ನು ನನ್ನ ಗಂಡ ತಮಿಳಿನಲ್ಲಿ ದಾರಿ ಕೇಳಿದರು. (ಅವರು ಕೆಜಿಎಫ್‌ನವರು, ತಮಿಳು ಮನೆಮಾತಿನಷ್ಟೇ ಸಲೀಸು.) ಆ ಅಮ್ಮ ದಾರಿ ಹೇಳುವ ಮೊದಲು ಕೂರಿಸಿ ಚಹಾ ಕೊಟ್ಟರು. ಹಾಲಿಲ್ಲ. ಕರಾವಳಿಯಲ್ಲಿ ನಾವು ಕಣ್ಣು ಚಾ ಎನ್ನುವುದು. ಸಕ್ಕರೆಯನ್ನೂ ಹಾಕಿರಲಿಲ್ಲ. ಬೈನೆ ಬೆಲ್ಲದ ಒಂದು ಚೂರನ್ನು ಅಂಗೈಗೆ ಹಾಕಿ, ಕಚ್ಚಿಕೊಂಡು ಕುಡಿಯಿರಿ ಎಂದರು. ನಮ್ಮೂರಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವ ಬೆಲ್ಲ ನೀರು ನೆನಪಾಯಿತು.

ಅವರ ಕೈ ನೋಡಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಸಣ್ಣ ಸಣ್ಣ ಬಿರುಕು. ಪ್ರತಿ ಬಿರುಕಿನೊಳಗೂ ಕಪ್ಪು. ಚಹಾ ಎಲೆಯ ರಸ ಕೂತು ಹಾಗಾಗಿದೆ. ಕೆಲಸ ಬಿಟ್ಟು ಹತ್ತು ವರ್ಷ ದಾಟಿದರೂ ಹೋಗಿಲ್ಲ ಎಂದರು. ಉಗುರಿನಿಂದ ಚಿವುಟಿದರೆ ಚಿಗುರು ಜಜ್ಜಿಹೋಗುತ್ತದೆ, ಬೆರಳಿನ ಮೆತ್ತನೆಯ ಭಾಗದಲ್ಲಿ ಹಿಡಿದು ಮುರಿಯಬೇಕು ಎಂದು ಅಂಗಳದ ಗಿಡದಲ್ಲೇ ತೋರಿಸಿದರು. ಟಕ್ ಎಂದು ಸಣ್ಣ ಸದ್ದು ಬರುತ್ತದೆ.

ನಿಮ್ಮದು ಯಾವ ಊರು ಎಂದರು. ಬೆಂಗಳೂರು ಎಂದಾಗ ಏನೂ ಅನ್ನಲಿಲ್ಲ. ನಾನು ಮಂಗಳೂರಿನ ಕಡೆಯವಳು ಎಂದು ಗಂಡ ಹೇಳಿದ್ದೇ ತಡ, ಅವರು ಲೋಟ ಕೆಳಗಿಟ್ಟರು. ‘ಮಂಗಳೂರಿನ ಹತ್ತಿರ ರಬ್ಬರ್ ಇದೆಯಲ್ಲ, ಅಲ್ಲಿಗೆ ನನ್ನ ಅಕ್ಕ ಹೋದಳು.’

ನಾನು ಸುಳ್ಯ ತಾಲೂಕಿನವಳು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳ ನಡುವೆ ಬೆಳೆದವಳು. ಶಾಲೆಗೆ ಹೋಗುವ ಬಸ್ಸಿನಲ್ಲಿ ಟ್ಯಾಪಿಂಗ್ ಮುಗಿಸಿ ಬರುವವರು ಹತ್ತುತ್ತಿದ್ದರು, ಬಟ್ಟೆಯಲ್ಲಿ ರಬ್ಬರ್ ಹಾಲಿನ ಹುಳಿ ವಾಸನೆ. ‘ಸಿಲೋನಿನವರು’ ಎನ್ನುತ್ತಿದ್ದೆವು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿಯೂ ಅವರ ಮನೆಯವಳು. ಸಿಲೋನಿನಲ್ಲಿ ಎಲ್ಲಿ, ಯಾಕೆ ಬಂದರು, ಅಲ್ಲಿ ಯಾರನ್ನು ಬಿಟ್ಟು ಬಂದರು ಎಂದು ಹನ್ನೆರಡು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಆ ಜಗಲಿಯಲ್ಲಿ ಕುಳಿತಾಗ ಇದು ನನ್ನನ್ನು ಚುಚ್ಚಿತು.

ಅಕ್ಕ ಹೋದದ್ದು 1970ರ ದಶಕದ ಆರಂಭದಲ್ಲಿ. ಅವಳ ಗಂಡನ ಮನೆಯವರಿಗೆ ಭಾರತದ ಪೌರತ್ವ ಬಂತು, ಇವರ ಮನೆಯವರ ಅರ್ಜಿ ಲಂಕೆಯ ಕಡೆ ಉಳಿಯಿತು. ಎರಡು ವರ್ಷ ಕಾಗದ ಬಂತು. ಆಮೇಲೆ ಇಲ್ಲ. ಹೆಸರು ಮತ್ತು ವಿವರಗಳನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯ ವಿಷಯ. ಆದರೆ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟದ ಕುಟುಂಬಗಳಲ್ಲಿ ಹಪುತಲೆ ಕಡೆಯಿಂದ ಬಂದ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ಅದಕ್ಕಾಗಿಯೇ ಇಷ್ಟು ಉದ್ದ ಬರೆದೆ.

ಹಳಿಯ ಮೇಲೆ

ನಿಮ್ಮ ಮುಖ್ಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಮೇಡಂ, ಆದರೆ ರೈಲಿನ ಬಗ್ಗೆ ಹೋಗುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನೋಡಲು ಆಟಿಕೆ ರೈಲಿನಂತೆ ಬಳುಕುತ್ತಾ ಹೋದರೂ ಅದು ಊಟಿಯಂತಹ ಕಿರು ಹಳಿಯಲ್ಲ. ನಮ್ಮ ಬ್ರಾಡ್‌ಗೇಜ್‌ನಷ್ಟೇ ಅಗಲ, ಐದೂವರೆ ಅಡಿ. ಹಲ್ಲುಹಳಿಯ ಸಹಾಯವೂ ಇಲ್ಲದೆ 1898 ಮೀಟರ್ ಎತ್ತರದ ಪಟ್ಟಿಪೊಲ ನಿಲ್ದಾಣದವರೆಗೆ ಹತ್ತುತ್ತದೆ. ಮಾರ್ಗವನ್ನು ಹಾಕಿದ್ದೇ ತೋಟದ ಸರಕನ್ನು ಕೊಲಂಬೊ ಬಂದರಿಗೆ ಇಳಿಸಲು. ಕೊನೆಯ ನಿಲ್ದಾಣ ಬದುಲ್ಲ ತಲುಪಿದ್ದು 1924ರಲ್ಲಿ. ದೆಮೋದರದಲ್ಲಿ ಹಳಿ ಒಂದು ಸುತ್ತು ಹಾಕಿ, ತಾನು ಆಗಷ್ಟೇ ಬಿಟ್ಟ ನಿಲ್ದಾಣದ ಕೆಳಗಿನ ಸುರಂಗದಲ್ಲೇ ನುಗ್ಗುತ್ತದೆ. ಒಂಬತ್ತು ಕಮಾನಿನ ಸೇತುವೆಗಾಗಿ ಎಲ್ಲರೂ ಮುಗಿಬೀಳುತ್ತಾರೆ, ನನಗಂತೂ ಈ ಸುತ್ತೇ ದೊಡ್ಡ ಕೆಲಸ ಎನಿಸುತ್ತದೆ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಬಾಗಿಲಿನ ಕಂಬಿ ಹಿಡಿದು ಹೊರಗೆ ಜೋತುಬಿದ್ದು ಫೋಟೋ ತೆಗೆಸಿಕೊಳ್ಳುವುದನ್ನು ಮಾಡಬೇಡಿ. ಸುರಂಗದ ಗೋಡೆ ಬೋಗಿಗೆ ತೀರಾ ಹತ್ತಿರ ಬರುತ್ತದೆ. ಜೀವ ಕಳೆದುಕೊಂಡವರಿದ್ದಾರೆ.

ದೇಶ ಸುತ್ತು

ಚಹಾ ತೋಟ ನೋಡಲು ಸಮುದ್ರ ದಾಟಬೇಕೇ? ಮುನ್ನಾರ್, ಕೂನೂರು, ವಾಲ್ಪಾರೈ ಎಲ್ಲವೂ ಬೆಂಗಳೂರಿನಿಂದ ಒಂದು ರಾತ್ರಿಯ ದಾರಿ. ನಮ್ಮ ರಾಜ್ಯದಲ್ಲೇ ಕೆಳಗೂರಿನಲ್ಲಿ ಚಹಾ ಬೆಳೆಯುತ್ತಾರೆ. ಅದೇ ಹಸಿರು, ಅದೇ ಮಂಜು. ಬರಹ ಚೆನ್ನಾಗಿದೆ, ಆದರೆ ಖರ್ಚಿನ ಬಗ್ಗೆಯೂ ಬರೆಯಬೇಕಿತ್ತು.

ಪಯಸ್ವಿನಿ ತೀರ

ಖರ್ಚಿನ ಬಗ್ಗೆ ಹೇಳುತ್ತೇನೆ. ವಿಮಾನದ ಟಿಕೆಟ್ ಬಿಟ್ಟರೆ ಹಪುತಲೆಯ ದಿನಗಳು ಚಿಕ್ಕಮಗಳೂರಿನ ವಾರಾಂತ್ಯಕ್ಕಿಂತ ಅಗ್ಗವಾದವು. ಮನೆಯವರೇ ನಡೆಸುವ ವಸತಿಗೃಹದಲ್ಲಿ ಕೋಣೆ, ದಂಬತೆನ್ನೆಗೆ ಸರ್ಕಾರಿ ಬಸ್, ತೆಂಗಿನತುರಿ ಕಲಸಿದ ಪೊಲ್ ರೊಟ್ಟಿ, ಜೊತೆಗೆ ಕೆಂಪುಮೆಣಸು ಈರುಳ್ಳಿ ಅರೆದ ಲುನು ಮಿರಿಸ್. ಮುನ್ನಾರ್‌ಗೂ ಹೋಗಿದ್ದೇವೆ, ಅದನ್ನು ಕಡಿಮೆ ಎನ್ನುತ್ತಿಲ್ಲ. ಆದರೆ ಎರಡೂ ಕಡೆ ಹಸಿರು ಒಂದೇ ಎಂದರೆ ನಾನು ಒಪ್ಪುವುದಿಲ್ಲ ಸರ್. ಆ ಹಸಿರನ್ನು ಯಾರು ಬೆಳೆಸಿದರು ಎಂಬ ಕಥೆ ಒಂದೊಂದು ಬೆಟ್ಟಕ್ಕೂ ಬೇರೆ.

ಮೂಡಿಗೆರೆ ಕಾಫಿ

ಆ ಕಥೆಯ ಆರಂಭ ಕಾಫಿಯಲ್ಲಿದೆ. ಕಾಫಿ ಬೆಳೆಗಾರನಾಗಿ ಇದನ್ನು ಹೇಳದೆ ಇರಲಾರೆ.

ಇವತ್ತು ನೀವು ನೋಡಿದ ಚಹಾ ಇಳಿಜಾರುಗಳಲ್ಲಿ ಹೆಚ್ಚಿನವು 1860ರ ದಶಕದಲ್ಲಿ ಕಾಫಿ ತೋಟಗಳು. ಸಿಲೋನ್ ಆಗ ಜಗತ್ತಿನ ದೊಡ್ಡ ಕಾಫಿ ನಾಡುಗಳಲ್ಲಿ ಒಂದು. 1869ರಲ್ಲಿ ಎಲೆಯ ತಳಭಾಗದಲ್ಲಿ ಕಿತ್ತಳೆ ಬಣ್ಣದ ಹುಡಿ ಕಾಣಿಸಿತು. ನಮ್ಮ ಭಾಷೆಯಲ್ಲಿ ಎಲೆ ತುಕ್ಕು. ಇಪ್ಪತ್ತು ವರ್ಷದೊಳಗೆ ಅಲ್ಲಿನ ಕಾಫಿ ಹೆಚ್ಚುಕಡಿಮೆ ಮುಗಿದೇ ಹೋಯಿತು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವ ಕ್ಯಾಂಡಿ ಬಳಿಯ ಲೂಲೆಕಂದೆರದಲ್ಲಿ 19 ಎಕರೆ ಚಹಾ ನೆಟ್ಟಿದ್ದ. ಕಾಫಿ ಸತ್ತ ಜಾಗಕ್ಕೆಲ್ಲ ಆ ಚಹಾ ಹಬ್ಬಿತು. ಲಿಪ್ಟನ್ ಬಂದದ್ದು ಬೆಲೆ ಬಿದ್ದ ತೋಟಗಳನ್ನು ಕೊಳ್ಳಲು.

ತುಕ್ಕು ನಮ್ಮ ಕಡೆಗೂ ಬಂತು. ನಾವು ಉಳಿದದ್ದು ಹೇಗೆ ಎಂದರೆ ಒಂದು ಕಾರಣ ಮರದ ನೆರಳು, ಇನ್ನೊಂದು ರೋಬಸ್ಟಾ, ಮತ್ತೊಂದು ಗಿಡ ಆರಿಸುವ ತಾಳ್ಮೆ. ಮೈಸೂರು ಸೀಮೆಯ ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರ್ 1911ರ ಸುಮಾರಿಗೆ ತುಕ್ಕು ತಡೆಯುವ ಗಿಡ ಆರಿಸಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು, ಅಲ್ಲಿ 1940ರ ದಶಕದಲ್ಲಿ ಬಂದ ಎಸ್ 795 ತಳಿ ಇವತ್ತಿಗೂ ನನ್ನ ತೋಟದ ಅರ್ಧ ಭಾಗದಲ್ಲಿದೆ.

ಆದರೆ ಕಾಫಿಗೂ ಚಹಾಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ನೀವು ಜಗಲಿಯಲ್ಲಿ ಕಂಡ ಆ ಅಮ್ಮನ ಕಥೆ ಅರ್ಥವಾಗಬೇಕಾದರೆ ಅದು ತಿಳಿದಿರಬೇಕು. ಕಾಫಿ ಕೊಯ್ಲು ವರ್ಷಕ್ಕೊಮ್ಮೆ. ಆಳುಗಳು ಬಂದು ಕೊಯ್ದು ತಮ್ಮ ಊರಿಗೆ ಹಿಂದಿರುಗುತ್ತಿದ್ದರು. ಚಹಾದಲ್ಲಿ ಹಾಗಲ್ಲ. ಒಂದೇ ಗಿಡದಿಂದ ಏಳೆಂಟು ದಿನಕ್ಕೊಮ್ಮೆ ಚಿಗುರು ತೆಗೆಯಬೇಕು, ವರ್ಷವಿಡೀ. ಹಾಗಾಗಿ ತಮಿಳುನಾಡಿನ ಬರಪೀಡಿತ ಹಳ್ಳಿಗಳಿಂದ ಕಂಗಾಣಿಗಳು (ತೋಟಕ್ಕೆ ಆಳು ಸೇರಿಸುವ ಮೇಸ್ತ್ರಿಗಳು) ಕರೆತಂದ ಕುಟುಂಬಗಳು ಅಲ್ಲಿಯೇ ಬೇರೂರಬೇಕಾಯಿತು. ಲೈನ್ ಮನೆ ಎಂದರೆ ತಾತ್ಕಾಲಿಕ ಬಿಡಾರ. ಅದರಲ್ಲಿ ಐದು ತಲೆಮಾರು ಕಳೆದಿವೆ.

ಕನ್ನಡಿ ಬೆಟ್ಟ

ಅಲ್ಲಿ ಚಿಗುರು ಕೀಳುವವರ ಫೋಟೋ ತೆಗೆದರೆ ಹಣ ಕೇಳುತ್ತಾರೆ ಎಂದು ಕೇಳಿದ್ದೇನೆ. ನನಗೂ ನುವಾರ ಎಲಿಯ ರಸ್ತೆಯಲ್ಲಿ ಹಾಗಾಯಿತು. ಇದು ಬೆಳೆಯಬಾರದು. ಕೊಟ್ಟು ಕೊಟ್ಟು ನಾವೇ ಕೆಡಿಸುತ್ತಿದ್ದೇವೆ.

ಪಯಸ್ವಿನಿ ತೀರ

ಅಕ್ಕ, ನಾನು ಇದನ್ನು ಬೇರೆ ರೀತಿ ನೋಡುತ್ತೇನೆ. ಅವರ ದಿನಗೂಲಿ 2021ರಲ್ಲಿ 1000 ಶ್ರೀಲಂಕಾ ರೂಪಾಯಿ ಆಯಿತು, 2024ರಲ್ಲಿ 1350. ನಮ್ಮ ರೂಪಾಯಿಯಲ್ಲಿ ನಾನೂರಕ್ಕಿಂತ ಕಡಿಮೆ. ಅದಕ್ಕೂ ದಿನಕ್ಕೆ ಇಷ್ಟು ಕಿಲೋ ಎಂಬ ಲೆಕ್ಕ ಇರುತ್ತದೆ. ನಾವು ಹೋದ ಕಡೆ ಹದಿನೆಂಟು ಕಿಲೋ ಎಂದರು. ತಲೆಯ ಪಟ್ಟಿಯಿಂದ ಬೆನ್ನಿಗೆ ಜೋತುಬಿಟ್ಟ ಆ ಚೀಲವನ್ನು ನಾನು ಎತ್ತಿ ನೋಡಿದೆ. ಅರ್ಧ ತುಂಬಿತ್ತು, ಅಷ್ಟಕ್ಕೇ ಕುತ್ತಿಗೆ ಹಿಂದಕ್ಕೆ ಎಳೆಯಿತು. ನನ್ನ ಬೆನ್ನಿನ ಪ್ರವಾಸದ ಚೀಲವೂ ಹೆಚ್ಚುಕಡಿಮೆ ಅಷ್ಟೇ ಭಾರ. ಆದರೆ ಅದು ನಾನಾಗಿಯೇ ಹೊತ್ತದ್ದು. ಹದಿನೆಂಟು ಕಿಲೋ ಹಸಿ ಎಲೆ ಬಾಡಿ, ಉರುಳಿ, ಒಣಗಿ ನಾಲ್ಕು ಕಿಲೋದಷ್ಟು ಪುಡಿಯಾಗುತ್ತದೆ. ಅವರ ಮುಖದ ಫೋಟೋವನ್ನು ಚಹಾ ಪೊಟ್ಟಣದ ಮೇಲೆ ನೂರು ವರ್ಷದಿಂದ ಅಚ್ಚು ಹಾಕಿ ಮಾರಿದ್ದಾರೆ. ಅವರು ಫೋಟೋಗೆ ಬೆಲೆ ಕೇಳಿದರೆ ನನಗೆ ತಪ್ಪೆನಿಸುವುದಿಲ್ಲ. ನಾವು ಕೆಲಸದ ಹೊತ್ತಿನಲ್ಲಿ ಯಾರ ಫೋಟೋವನ್ನೂ ತೆಗೆಯಲಿಲ್ಲ. ತೂಕದ ಹೊತ್ತು ಮೀರಿದರೆ ನಷ್ಟ ಅವರಿಗೇ.

ಕನ್ನಡಿ ಬೆಟ್ಟ

ಆ ಪೊಟ್ಟಣದ ಮಾತು ನನಗೆ ಹೊಳೆದಿರಲಿಲ್ಲ. ಯೋಚಿಸುತ್ತೇನೆ.

ಗುಡಲೂರು ನಿವಾಸಿ

ನಾನು ನೀಲಗಿರಿಯ ಗುಡಲೂರಿನವನು, ಓದಿದ್ದು ಮೈಸೂರಿನಲ್ಲಿ. ಆ ಅಕ್ಕ ತಂಗಿಯರನ್ನು ಎರಡು ದೇಶಕ್ಕೆ ಹಂಚಿದ ಒಪ್ಪಂದದ ವಿಷಯವನ್ನು ಯಾರೂ ಬಿಡಿಸಿ ಹೇಳಿಲ್ಲ, ಆದ್ದರಿಂದ ಬರೆಯುತ್ತೇನೆ.

ಲಂಕೆಗೆ ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಅಲ್ಲಿನ ಪೌರತ್ವ ಕಾಯ್ದೆ ತೋಟದ ತಮಿಳರಲ್ಲಿ ಹೆಚ್ಚಿನವರನ್ನು ಪೌರತ್ವವಿಲ್ಲದವರನ್ನಾಗಿ ಮಾಡಿತು. ಭಾರತವೂ ಅವರನ್ನು ತನ್ನವರೆನ್ನಲಿಲ್ಲ. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನ ಎಂದು ಎಣಿಸಿ, 5,25,000 ಜನರನ್ನು ಭಾರತಕ್ಕೆ, 3,00,000 ಜನರನ್ನು ಲಂಕೆಗೆ ಎಂದು ಹಂಚಿದರು. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅರ್ಧರ್ಧ ಮಾಡಿದರು. ಅಡಿಕೆ ಪಾಲು ಮಾಡಿದ ಹಾಗೆ! ಅಕ್ಕ ಒಂದು ರಾಶಿಗೆ, ತಂಗಿ ಇನ್ನೊಂದು ರಾಶಿಗೆ ಬಿದ್ದ ಮನೆಗಳು ಸಾವಿರಾರು. ಲಂಕೆಯಲ್ಲಿ ಉಳಿದವರ ಪೌರತ್ವದ ಪ್ರಶ್ನೆ ಕಾನೂನಿನಲ್ಲಿ ಬಗೆಹರಿದದ್ದು 2003ರಲ್ಲಿ.

ಬಂದವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ 1968ರಲ್ಲಿ ನಮ್ಮ ಬೆಟ್ಟಗಳಲ್ಲಿ ಚಹಾ ನೆಡಿಸಿತು. ಟ್ಯಾನ್‌ಟೀ ಎಂಬ ಹೆಸರು ನೀವು ಕೇಳಿರಬಹುದು. ಕರ್ನಾಟಕ ಅದೇ ಉದ್ದೇಶಕ್ಕೆ ದಕ್ಷಿಣ ಕನ್ನಡದಲ್ಲಿ ರಬ್ಬರ್ ಆರಿಸಿಕೊಂಡಿತು. ಚಿಗುರು ಮುರಿದು ಗೊತ್ತಿದ್ದ ಕೈಗಳು ಅಲ್ಲಿ ಕತ್ತಿ ಹಿಡಿದು ತೊಗಟೆ ಕೆತ್ತುವುದನ್ನು ಹೊಸದಾಗಿ ಕಲಿತವು. ಚಳಿಯಲ್ಲಿ ಹುಟ್ಟಿದವರು ಸುಳ್ಯದ ಸೆಕೆ, ಮಳೆಗೆ ಒಗ್ಗಿಕೊಂಡರು.

ಕೆಂಪುಕಲ್ಲು

ಈ ಚರ್ಚೆಯನ್ನು ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬಂದಿರಲಿಲ್ಲ. ನಾನು ಅದೇ ರಬ್ಬರ್ ತೋಟದ ಮನೆಯವನು. ಅಪ್ಪ ಟ್ಯಾಪರ್. ನಾನು ಕನ್ನಡ ಮಾಧ್ಯಮದಲ್ಲಿ ಓದಿ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಸಿಲೋನಿನವರು ಎಂಬ ಮಾತು ಶಾಲೆಯಲ್ಲಿ ನೋವು ಮಾಡುತ್ತಿತ್ತು. ಯಾರಾದರೂ ಆ ಊರಿನ ಬಗ್ಗೆ ಕೇಳಲಿ ಎಂದು ಬಯಸುತ್ತಿದ್ದೆ ಎಂಬುದು ಈಗ ನಿಮ್ಮ ಬರಹ ಓದಿದ ಮೇಲೆ ತಿಳಿಯುತ್ತಿದೆ.

ಅಜ್ಜಿಗೆ ಪೂರ್ತಿ ಓದಿ ಹೇಳಿದೆ, ತಮಿಳಿಗೆ ತಿರುಗಿಸುತ್ತಾ. ಅವರು ಹಪುತಲೆಯವರಲ್ಲ, ಅದರ ಮುಂದಿನ ಬಂಡಾರವೆಲೆ ಕಡೆಯವರು. ಹಾಗಾಗಿ ನೀವು ಹುಡುಕುತ್ತಿರುವವರು ಇವರಲ್ಲ. ಆದರೆ ಅವರು ಹೊರಟ ದಿನದ ಬಗ್ಗೆ ಮೊದಲ ಬಾರಿ ಮಾತನಾಡಿದರು. ರೈಲಿಗೆ ಅವರು ಇಂದಿಗೂ ‘ಕೋಚ್ಚಿ’ ಎನ್ನುತ್ತಾರೆ. ಕೋಚ್ಚಿಯಲ್ಲಿ ತಲೈಮನ್ನಾರ್, ಅಲ್ಲಿಂದ ಹಡಗಿನಲ್ಲಿ ರಾಮೇಶ್ವರ, ಮಂಡಪಂ ಶಿಬಿರದಲ್ಲಿ ಕೆಲವು ವಾರ. ಹೊರಡುವಾಗ ಒಂದು ಕಬ್ಬಿಣದ ಪೆಟ್ಟಿಗೆ ತಂದಿದ್ದರು, ಅದು ಈಗಲೂ ನಮ್ಮ ಮನೆಯಲ್ಲಿ ಅಕ್ಕಿ ಹಾಕಲು ಬಳಕೆಯಾಗುತ್ತಿದೆ. ಅದು ಹಡಗಿನಲ್ಲಿ ಬಂದದ್ದೆಂದು ನನಗೆ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ನಿಮ್ಮ ಬಳಿ ಬಂಡಾರವೆಲೆ ನಿಲ್ದಾಣದ ಫೋಟೋ ಇದೆಯೇ?

ಪಯಸ್ವಿನಿ ತೀರ

ಇದೆ ತಮ್ಮಾ. ಹಪುತಲೆಯಿಂದ ಹೊರಟ ದಿನ ಕಿಟಕಿಯಿಂದ ತೆಗೆದದ್ದು, ಸ್ವಲ್ಪ ಅಲುಗಿದೆ. ಹೆಸರಿನ ಫಲಕ ಮಾತ್ರ ಸ್ಪಷ್ಟವಾಗಿದೆ. ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆದಿದ್ದಾರೆ. ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ. ಆ ಅಮ್ಮ ಹೇಳಿದ ಅಕ್ಕನ ಹೆಸರು, ತೋಟದ ಭಾಗದ ಹೆಸರು, ಗುರುತು ಎಲ್ಲವನ್ನೂ ಅಲ್ಲೇ ಬರೆದಿದ್ದೇನೆ, ಅಜ್ಜಿಗೆ ಕೇಳಿ ನೋಡು. ಶಾಲೆಯ ವಿಷಯಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಆ ಮಾತನ್ನು ಆಡಿದವರಲ್ಲಿ ನಾನೂ ಒಬ್ಬಳು. ಕ್ಷಮೆ ಇರಲಿ.

ಕೆಂಪುಕಲ್ಲು

ಅಕ್ಕಾ, ಫೋಟೋ ತೋರಿಸಿದೆ. ಫಲಕದ ತಮಿಳು ಅಕ್ಷರಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿದರು. ಅವರಿಗೆ ಓದಲು ಬರುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ.

ನೀವು ಕಳಿಸಿದ ಹೆಸರಿನವರು ನಮ್ಮ ಭಾಗದಲ್ಲಿ ಇಬ್ಬರಿದ್ದರಂತೆ. ಒಬ್ಬರು ತೀರಿಕೊಂಡು ಏಳು ವರ್ಷವಾಯಿತು. ಇನ್ನೊಬ್ಬರು ಮೇದಿನಡ್ಕದ ಕಡೆ ಮಗನ ಜೊತೆ ಇದ್ದಾರೆ, ಕಿವಿ ಮಂದ, ಫೋನಿನಲ್ಲಿ ಮಾತಾಡಿದರೆ ಆಗುವುದಿಲ್ಲ. ಯಾರು ಹಪುತಲೆಯವರು ಎಂದು ಅಜ್ಜಿಗೆ ಖಚಿತವಿಲ್ಲ. ಭಾನುವಾರ ರಜೆ ಇದೆ, ಹೋಗಿ ಕೇಳುತ್ತೇನೆ. ಅಜ್ಜಿಯೂ ಬರುತ್ತೇನೆ ಎನ್ನುತ್ತಿದ್ದಾರೆ.

ಪಯಸ್ವಿನಿ ತೀರ

ಶನಿವಾರ ರಾತ್ರಿಯ ಬಸ್ಸಿಗೆ ನಾವಿಬ್ಬರೂ ಟಿಕೆಟ್ ಮಾಡಿಸಿದ್ದೇವೆ, ಬೆಳಿಗ್ಗೆ ಸುಳ್ಯದಲ್ಲಿ ಇಳಿಯುತ್ತೇವೆ. ಅಪ್ಪನ ಜೀಪು ಇದೆ, ಅಜ್ಜಿಯನ್ನು ಬಸ್ಸು ಹತ್ತಿಸಬೇಡ, ನಾವೇ ಮನೆಯ ಹತ್ತಿರ ಬರುತ್ತೇವೆ. ದಂಬತೆನ್ನೆಯಲ್ಲಿ ಕೊಂಡ ಚಹಾಪುಡಿ ಅರ್ಧ ಕಿಲೋ ಒಡೆಯದೆ ಉಳಿದಿದೆ, ತರುತ್ತೇನೆ. ಬೆಲ್ಲ ಮನೆಯಲ್ಲಿದೆ ತಾನೇ?